ಲೋಟದ ತುಂಬ ನೊರೆ, ಬಾಯಿಗೆ ಸಪ್ಪೆ: ಕೆಗ್ ಬಿಯರ್‌ಗೆ ಗ್ಯಾಸ್ ಹಿಡಿಸುವುದು ಹೇಗೆ?

ಪ್ರಶ್ನೆ: ನಾನು ಅಮೆರಿಕದ ಡೆನ್ವರ್‌ನಲ್ಲಿದ್ದೇನೆ. ಮನೆಯಲ್ಲೇ ಪೇಲ್ ಏಲ್ ಅನ್ನುವ ಬಗೆಯ ಬಿಯರ್ ಮಾಡುತ್ತೇನೆ. ಬಾಟಲಿ ತೊಳೆದು ತೊಳೆದು ಸಾಕಾಗಿ ಈಗ 5 ಗ್ಯಾಲನ್ನಿನ ಕಾರ್ನಿ ಕೆಗ್, ಅಂದರೆ ಬಿಯರ್ ತುಂಬಿಡುವ ಉದ್ದನೆಯ ಸ್ಟೀಲ್ ಡಬ್ಬಿ, ತಂದಿದ್ದೇನೆ. ಗ್ಯಾರೇಜಿನ ಹಳೇ ಫ್ರಿಜ್‌ನಲ್ಲಿ ಕೆಗ್ ಇಟ್ಟು, 30 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಗ್ಯಾಸ್ ಕೊಟ್ಟು, ಎರಡು ದಿನ ಆಗಾಗ ಅಲ್ಲಾಡಿಸಿದೆ. ಟ್ಯಾಪ್ ತೆರೆದರೆ ಬರೀ ನೊರೆ. ಒತ್ತಡ ಜಾಸ್ತಿಯಾಯಿತು ಅಂತ 5ಕ್ಕೆ ಇಳಿಸಿದೆ. ನೊರೆ ನಿಲ್ಲಲಿಲ್ಲ, ಕುಡಿದರೆ ಬಿಯರ್ ಮಾತ್ರ ಸಪ್ಪೆ. ಆಮೇಲೆ 12ಕ್ಕೆ ಏರಿಸಿದೆ, ಮತ್ತೆ ಇಳಿಸಿದೆ. ಬಿಯರ್ ಎಷ್ಟು ತಣ್ಣಗಿದ್ದರೆ ಎಷ್ಟು ಒತ್ತಡ ಬೇಕು ಅಂತ ಹೇಳುವ ಚಾರ್ಟ್ ನೋಡಿದರೆ 38 ಡಿಗ್ರಿ ಫ್ಯಾರನ್‌ಹೀಟ್‌ಗೆ 11-12 ಸಾಕು ಅನ್ನುತ್ತದೆ. ಕೆಗ್‌ನಿಂದ ಟ್ಯಾಪ್‌ವರೆಗಿನ ಪೈಪ್ ಮೂರು ಅಡಿ ಇದೆ. ತಪ್ಪು ಎಲ್ಲಿದೆ? ರಾತ್ರಿ ಹೊತ್ತು ಗ್ಯಾಸ್ ಬಂದ್ ಮಾಡಬೇಕಾ?

ಉತ್ತರ: ನಿಮ್ಮ ಬಿಯರ್‌ಗೆ ಗ್ಯಾಸ್ ಸರಿಯಾಗಿ ಹಿಡಿದಿಲ್ಲ ಅಂದುಕೊಂಡಿದ್ದೀರಿ. ಆಗಿರುವುದು ಉಲ್ಟಾ. ಬೇಕಾದ್ದಕ್ಕಿಂತ ಜಾಸ್ತಿಯೇ ಹಿಡಿದಿತ್ತು. ಅದು ಲೋಟ ಸೇರುವಷ್ಟರಲ್ಲಿ ಬಿಯರ್ ಬಿಟ್ಟು ಹೊರಟು ಹೋಗುತ್ತಿದೆ. ನೊರೆ ಅಂದರೆ ಅದೇ ಅಲ್ವಾ? ಒಳಗೆ ಕರಗಿರಬೇಕಾಗಿದ್ದ ಗ್ಯಾಸ್ ಹೊರಗೆ ಬಂದು ಗುಳ್ಳೆಯಾಗಿ ನಿಂತಿದೆ. ಮುಕ್ಕಾಲು ಲೋಟ ನೊರೆ ಬಂತು ಅಂದರೆ ಕೆಳಗಿನ ಕಾಲು ಲೋಟ ಸಪ್ಪೆಯಾಗಲೇಬೇಕು.

ಹಾಗಾಗಿ ಮೊದಲು ಒಂದು ಮಾತು ಗಟ್ಟಿಯಾಗಿ ಹಿಡಿದುಕೊಳ್ಳಿ: ನೊರೆ ನೋಡಿ ರೆಗ್ಯುಲೇಟರ್ (ಸಿಲಿಂಡರ್‌ನಿಂದ ಕೆಗ್‌ಗೆ ಹೋಗುವ ಗ್ಯಾಸ್‌ನ ಒತ್ತಡ ಹೊಂದಿಸುವ ತಿರುಪು) ತಿರುಗಿಸಬಾರದು. ಬಿಯರ್‌ನಲ್ಲಿ ಎಷ್ಟು ಗ್ಯಾಸ್ ಇರಬೇಕು ಅನ್ನುವುದನ್ನು ರೆಗ್ಯುಲೇಟರ್ ನೋಡಿಕೊಳ್ಳುತ್ತದೆ. ಆ ಗ್ಯಾಸ್ ಕಳೆದುಕೊಳ್ಳದೆ ಬಿಯರ್ ಲೋಟಕ್ಕೆ ಇಳಿಯಬೇಕು ಅಂದರೆ ಅದು ಪೈಪಿನ ಕೆಲಸ. ಈ ಎರಡು ಕೆಲಸವನ್ನು ಒಂದೇ ತಿರುಪಿನಲ್ಲಿ ಮಾಡಲು ಹೋದರೆ ಎರಡೂ ಕೆಡುತ್ತವೆ. ಹೊಸದಾಗಿ ಕೆಗ್‌ಗೆ ಬಂದವರು ನನಗೆ ಬರೆಯುವ ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಶುರುವಾಗುತ್ತವೆ.

ಈಗ ಲೆಕ್ಕ ನೋಡೋಣ. ಬಿಯರ್‌ನಲ್ಲಿರುವ ಗ್ಯಾಸನ್ನು ವಾಲ್ಯೂಮ್‌ನಲ್ಲಿ ಅಳೆಯುತ್ತಾರೆ. 2.5 ವಾಲ್ಯೂಮ್ ಅಂದರೆ ಒಂದು ಲೀಟರ್ ಬಿಯರ್‌ನಲ್ಲಿ ಎರಡೂವರೆ ಲೀಟರ್ ಕಾರ್ಬನ್ ಡೈಆಕ್ಸೈಡ್ ಕರಗಿದೆ ಅಂತ. ತೂಕದಲ್ಲಿ ಲೀಟರಿಗೆ ಹತ್ತಿರ ಹತ್ತಿರ 5 ಗ್ರಾಂ. ಅಮೆರಿಕದ ಪೇಲ್ ಏಲ್‌ಗೆ 2.2ರಿಂದ 2.7 ಚೆನ್ನ. ಇಂಗ್ಲಿಷರ ಹಳೇ ಬಗೆಯ ಏಲ್‌ಗೆ 1.5ರಿಂದ 2 ಸಾಕು. ಜರ್ಮನ್ ಗೋಧಿ ಬಿಯರ್‌ಗೆ 3.3ರ ಮೇಲೆ ಬೇಕು. ನಿಮ್ಮ ಪೇಲ್ ಏಲ್‌ಗೆ 2.5 ಅಂತಲೇ ಇಟ್ಟುಕೊಳ್ಳೋಣ.

ಎಷ್ಟು ಗ್ಯಾಸ್ ಕರಗುತ್ತದೆ ಅನ್ನುವುದನ್ನು ಎರಡೇ ಸಂಗತಿ ತೀರ್ಮಾನಿಸುತ್ತವೆ: ಬಿಯರ್ ಎಷ್ಟು ತಣ್ಣಗಿದೆ, ಮೇಲಿನಿಂದ ಎಷ್ಟು ಒತ್ತಡ ಇದೆ. ಒತ್ತಡ ಏರಿದಷ್ಟೂ ಕರಗುವ ಗ್ಯಾಸ್ ಏರುತ್ತದೆ ಅನ್ನುವುದನ್ನು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1803ರಲ್ಲೇ ತೋರಿಸಿಕೊಟ್ಟ. ತಣ್ಣಗಿದ್ದರೆ ಜಾಸ್ತಿ ಕರಗುತ್ತದೆ ಅನ್ನುವುದು ನಿಮಗೂ ಗೊತ್ತು. ಐಸ್ ಡಬ್ಬಿಯಿಂದ ತೆಗೆದ ಗೋಲಿ ಸೋಡಾ ಒಡೆದರೆ ಸುಮ್ನೆ ಸುಯ್ ಅನ್ನುತ್ತದೆ, ಬಿಸಿಲಲ್ಲಿ ನಿಂತಿದ್ದ ಸೋಡಾ ಒಡೆದರೆ ಅರ್ಧ ಅಂಗಿ ಮೇಲೆ. ಎರಡರಲ್ಲೂ ತುಂಬಿರುವ ಗ್ಯಾಸ್ ಒಂದೇ. ಬಿಸಿಯಾದ ನೀರಿಗೆ ಅದನ್ನು ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ, ಅಷ್ಟೆ.

ಇಲ್ಲಿ 'ತಣ್ಣಗೆ' ಅಂದರೆ ಬಿಯರ್ ತಣ್ಣಗಿರಬೇಕು, ಫ್ರಿಜ್‌ನ ಗಾಳಿ ಅಲ್ಲ. ಹಳೇ ಫ್ರಿಜ್‌ನ ತಿರುಪು ಹೇಳುವ ಮಾತನ್ನು ನಂಬಬೇಡಿ. ಒಂದು ದೊಡ್ಡ ಲೋಟದಲ್ಲಿ ನೀರು ತುಂಬಿ, ಕೆಗ್‌ನ ಮಗ್ಗುಲಲ್ಲೇ ಇಟ್ಟು, ಅದರೊಳಗೆ ಥರ್ಮಾಮೀಟರ್ ಇಳಿಬಿಡಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಓದಿ. 38 ಡಿಗ್ರಿ, ಅಂದರೆ 3.3 ಸೆಲ್ಸಿಯಸ್ ಅಂದುಕೊಂಡಿದ್ದು 44 ಇದ್ದರೂ ಆಶ್ಚರ್ಯ ಇಲ್ಲ. ಆ 6 ಡಿಗ್ರಿಯಿಂದಲೇ ಪೇಲ್ ಏಲ್‌ನ ಚುರುಕು ಹೋಗಿಬಿಡುತ್ತದೆ. ಚಳಿಗಾಲದಲ್ಲಿ ಇನ್ನೊಂದು ಕಾಟ. ಗ್ಯಾರೇಜೇ ಫ್ರಿಜ್‌ಗಿಂತ ತಣ್ಣಗಾದಾಗ ಫ್ರಿಜ್‌ಗೆ ಮಾಡಲು ಕೆಲಸ ಇರುವುದಿಲ್ಲ, ಬಿಯರ್ ಗ್ಯಾರೇಜಿನ ಚಳಿಗೇ ಇಳಿಯುತ್ತದೆ. ಬಿಯರ್ ತಣ್ಣಗಾದಂತೆ ಅದೇ ಒತ್ತಡದಲ್ಲಿ ಜಾಸ್ತಿ ಗ್ಯಾಸ್ ಹಿಡಿಯುತ್ತದೆ. ಜನವರಿಯಲ್ಲೂ ಜೂನ್‌ನಲ್ಲೂ ಗೇಜ್ ಒಂದೇ ತೋರಿಸುತ್ತಿದ್ದರೂ ಬಿಯರ್ ಬೇರೆ ಬೇರೆ ಆಗುವುದು ಹೀಗೆ.

ಇನ್ನು ಡೆನ್ವರ್. ನಿಮ್ಮ ಪ್ರಶ್ನೆಯಲ್ಲಿ ನನಗೆ ತುಂಬ ಆಸಕ್ತಿ ಹುಟ್ಟಿಸಿದ್ದು ಈ ಊರಿನ ಹೆಸರು. ಚಾರ್ಟ್‌ಗಳೆಲ್ಲ ಸಮುದ್ರ ಮಟ್ಟಕ್ಕೆ ಬರೆದವು. ಡೆನ್ವರ್ 5,280 ಅಡಿ ಮೇಲಿದೆ. ಅಲ್ಲಿ ಗಾಳಿಯ ಒತ್ತಡವೇ ಕಮ್ಮಿ: ಸಮುದ್ರ ಮಟ್ಟದಲ್ಲಿ 14.7 ಪಿಎಸ್‌ಐ ಇದ್ದರೆ ನಿಮ್ಮಲ್ಲಿ ಸುಮಾರು 12.1. ಗೇಜ್ ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಜಾಸ್ತಿ ಇದೆ ಅನ್ನುವುದನ್ನು ಮಾತ್ರ. ಬಿಯರ್‌ಗೆ ಆ ವ್ಯತ್ಯಾಸ ಬೇಕಿಲ್ಲ, ಅದರ ಮೇಲಿರುವ ಒಟ್ಟು ಒತ್ತಡ ಬೇಕು.

ಲೆಕ್ಕ ಹಾಕಿ ನೋಡಿ. 38 ಡಿಗ್ರಿಯಲ್ಲಿ 2.5 ವಾಲ್ಯೂಮ್ ಹಿಡಿಯಲು ಒಟ್ಟು ಹತ್ತಿರ ಹತ್ತಿರ 26 ಪಿಎಸ್‌ಐ ಬೇಕು. ಸಮುದ್ರ ಮಟ್ಟದಲ್ಲಿ ಗಾಳಿಯೇ 14.7 ಕೊಡುತ್ತದೆ, ಗೇಜ್ 11ರ ಆಸುಪಾಸು ತೋರಿಸಿದರೆ ಸಾಕು. ನಿಮ್ಮಲ್ಲಿ ಗಾಳಿ ಕೊಡುವುದು 12.1, ಹಾಗಾಗಿ ಗೇಜ್ 14ರ ಹತ್ತಿರ ಇರಬೇಕು. ಚಾರ್ಟ್ ನಂಬಿ 12ಕ್ಕೆ ಇಟ್ಟರೆ ನಿಮಗೆ ಸಿಗುವುದು 2.3. ಜೊತೆಗೆ ಬಿಯರ್ 38ರ ಬದಲು 44 ಡಿಗ್ರಿ ಇದ್ದರೆ 2.1ಕ್ಕೆ ಇಳಿಯುತ್ತದೆ. 2.1 ಅಂದರೆ ಬಿಟರ್ ಅನ್ನುವ ಇಂಗ್ಲಿಷ್ ಏಲ್‌ಗೆ ಸೊಗಸು, ಹಾಪ್ಸ್ ಹೂವಿನ ಘಮ ಮೂಗಿಗೆ ಹೊಡೆಯಬೇಕಾದ ಪೇಲ್ ಏಲ್‌ಗೆ ಮಂಕು. ಬಾಯಲ್ಲಿ ನೆನಪಿಡಲು ಒಂದು ಸೂತ್ರ ಇದೆ: ಪ್ರತಿ ಸಾವಿರ ಅಡಿಗೆ ಅರ್ಧ ಪಿಎಸ್‌ಐ ಸೇರಿಸಿ. ಬೆಂಗಳೂರೂ ಸುಮಾರು 3,000 ಅಡಿ ಎತ್ತರದಲ್ಲಿದೆ, ಅಲ್ಲಿಯ ಮೈಕ್ರೋಬ್ರೂವರಿಯವರೂ ಚಾರ್ಟ್ ನೋಡಿದರೆ ಒಂದೂವರೆ ಸೇರಿಸಿಕೊಳ್ಳಬೇಕು.

ನೀವು ಮಾಡಿದ್ದರಲ್ಲಿ ಏನಾಯಿತು ಅಂತ ಈಗ ಬಿಡಿಸಿ ಹೇಳಬಹುದು. 30 ಪಿಎಸ್‌ಐ ಕೊಟ್ಟು ಅಲ್ಲಾಡಿಸಿದಿರಿ. ಸುಮ್ನೆ ನಿಂತ ಕೆಗ್‌ನಲ್ಲಿ ಗ್ಯಾಸ್ ಬಿಯರ್‌ನ ಮೇಲ್ಮೈಯಿಂದ ಮಾತ್ರ ಒಳಗೆ ಇಳಿಯಬೇಕು. ಕಾರ್ನಿ ಕೆಗ್ ಉದ್ದ ಜಾಸ್ತಿ, ಅಗಲ ಕಮ್ಮಿ, ಆ ಮೇಲ್ಮೈ ಒಂದು ಊಟದ ತಟ್ಟೆಯಷ್ಟೂ ಇಲ್ಲ. ಅಲ್ಲಾಡಿಸಿದಾಗ ಗ್ಯಾಸೂ ಬಿಯರೂ ಒಂದರೊಳಗೊಂದು ಕಲೆಸಿ, ದಿನಗಟ್ಟಲೆ ಹಿಡಿಯುವ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ. ತೊಂದರೆ ಏನೆಂದರೆ ಅದು 2.5ಕ್ಕೆ ಬಂದು ನಿಲ್ಲುವುದಿಲ್ಲ. ಡೆನ್ವರ್‌ನಲ್ಲಿ 38 ಡಿಗ್ರಿಯ ಬಿಯರ್ 30 ಪಿಎಸ್‌ಐಯಲ್ಲಿ ಪೂರ್ತಿ ಹಿಡಿದರೆ 4 ವಾಲ್ಯೂಮ್ ಮುಟ್ಟುತ್ತದೆ. ಎರಡು ದಿನ ಅಲ್ಲಾಡಿಸಿದ ಮೇಲೆ ನಿಮ್ಮದು 3 ದಾಟಿರುವುದರಲ್ಲಿ ನನಗೆ ಅನುಮಾನ ಇಲ್ಲ.

ಆಮೇಲೆ ರೆಗ್ಯುಲೇಟರ್ ಅನ್ನು 5ಕ್ಕೆ ಇಳಿಸಿದಿರಿ. ಇಲ್ಲಿ ಬಹಳ ಜನ ಎಡವುತ್ತಾರೆ. ರೆಗ್ಯುಲೇಟರ್ ಇಳಿಸಿದ ತಕ್ಷಣ ಕೆಗ್ ಒಳಗಿನ ಒತ್ತಡ ಇಳಿಯುವುದಿಲ್ಲ. ರೆಗ್ಯುಲೇಟರ್‌ಗೆ ಗ್ಯಾಸ್ ಒಳಗೆ ಬಿಡಲು ಬರುತ್ತದೆ, ಹೊರಗೆ ತೆಗೆಯಲು ಬರುವುದಿಲ್ಲ. ಗ್ಯಾಸ್ ಪೈಪಿನಲ್ಲಿ ಚೆಕ್ ವಾಲ್ವ್ (ಒಂದೇ ದಿಕ್ಕಿಗೆ ಬಿಡುವ ವಾಲ್ವ್) ಇದ್ದರಂತೂ ಹಿಂದಕ್ಕೆ ದಾರಿಯೇ ಇಲ್ಲ. ಚೆಕ್ ವಾಲ್ವ್ ಇಲ್ಲದಿದ್ದರೆ ಇನ್ನೂ ಕಷ್ಟ, ಕೆಗ್ ತುಂಬಿದ್ದಾಗ ಬಿಯರ್ ಗ್ಯಾಸ್ ಪೈಪ್ ಹತ್ತಿ ರೆಗ್ಯುಲೇಟರ್ ಒಳಗೇ ಹೋಗಬಹುದು. ಗೇಜ್ 5 ಅನ್ನುತ್ತಿತ್ತು, ಒಳಗೆ ಬಿಯರ್ ಮಾತ್ರ ತನ್ನ ಒತ್ತಡದಲ್ಲೇ ಇತ್ತು. ನೀವು ಮೊದಲು ಹಿಡಿದ ಲೋಟಗಳು ಆ ಒತ್ತಡದಲ್ಲೇ ಮೂರು ಅಡಿ ಪೈಪಿನಿಂದ ನುಗ್ಗಿ ಬಂದಿವೆ.

ಲೋಟ ಲೋಟ ಹಿಡಿದಂತೆ ಮೇಲಿನ ಜಾಗ ದೊಡ್ಡದಾಗಿ ಒಳಗಿನ ಒತ್ತಡ ನಿಜವಾಗಿಯೂ ಇಳಿಯುತ್ತಾ ಬಂತು. ಆಗ ಬಿಯರ್ ತನ್ನಲ್ಲಿದ್ದ ಗ್ಯಾಸನ್ನು ಕೆಗ್ ಒಳಗೇ ಬಿಟ್ಟುಕೊಡಲು ಶುರು ಮಾಡಿತು, ಪೈಪಿನಲ್ಲೂ ಬಿಟ್ಟುಕೊಟ್ಟಿತು. ನಿಮ್ಮೂರಿನಲ್ಲಿ 5 ಪಿಎಸ್‌ಐಗೆ 38 ಡಿಗ್ರಿಯ ಬಿಯರ್ ಹಿಡಿದಿಟ್ಟುಕೊಳ್ಳಬಲ್ಲದ್ದು 1.65 ವಾಲ್ಯೂಮ್ ಮಾತ್ರ. ದಿನ ಕಳೆದಂತೆ ಅಲ್ಲಿಗೇ ಜಾರುತ್ತದೆ. ಜಾರುವ ಆ ದಿನಗಳುದ್ದಕ್ಕೂ ಲೋಟದಲ್ಲಿ ನೊರೆ, ಬಾಯಲ್ಲಿ ಸಪ್ಪೆ, ಎರಡೂ ಒಟ್ಟಿಗೇ. ನೀವು ಬರೆದಿರುವುದು ಇದನ್ನೇ.

ಈಗ ಫ್ರಿಜ್‌ನಲ್ಲಿರುವ ಕೆಗ್ ಕೆಟ್ಟಿಲ್ಲ, ಚೆಲ್ಲಬೇಡಿ. ಗ್ಯಾಸ್ ಪೈಪ್ ಕೆಗ್‌ನಿಂದ ಬಿಡಿಸಿ. ಮುಚ್ಚಳದ ರಿಲೀಫ್ ವಾಲ್ವ್‌ನ ಉಂಗುರ ಎಳೆದು ಮೇಲಿನ ಗ್ಯಾಸ್ ಪೂರ್ತಿ ಬಿಡಿ. ಒಂದೆರಡು ಗಂಟೆ ಬಿಟ್ಟು ಮತ್ತೆ ಎಳೆಯಿರಿ. ಬುಸ್ ಅಂತ ಜೋರಾಗಿ ಬಂದರೆ ಇನ್ನೂ ಜಾಸ್ತಿ ಇದೆ. ದಿನವಿಡೀ ಹೀಗೆ ಆಗಾಗ ಬಿಡುತ್ತಾ, ಸದ್ದು ಮೆತ್ತಗಾದ ಮೇಲೆ ರೆಗ್ಯುಲೇಟರ್ 14ಕ್ಕೆ ಇಟ್ಟು ಗ್ಯಾಸ್ ಸೇರಿಸಿ, ಒಂದು ವಾರ ಮುಟ್ಟದೆ ಬಿಡಿ. ಈ ಹೊತ್ತಿಗೆ ಬಿಯರ್ ನಿಜವಾಗಿಯೂ ಸಪ್ಪೆಯಾಗಿಬಿಟ್ಟಿದ್ದರೆ, ಎಳೆದಾಗ ಸದ್ದೇ ಸರಿಯಾಗಿ ಬರುವುದಿಲ್ಲ. ಆಗ ನೇರವಾಗಿ 14ಕ್ಕೆ ಇಟ್ಟು ಕಾಯಿರಿ. ಎರಡು ಸಂದರ್ಭದಲ್ಲೂ ಬಿಯರ್ ಬಂದು ನಿಲ್ಲುವ ಜಾಗ ಒಂದೇ. ಮೇಲಿನಿಂದ ಬಂದರೂ ಕೆಳಗಿನಿಂದ ಬಂದರೂ 38 ಡಿಗ್ರಿ, 14 ಪಿಎಸ್‌ಐ ಅಂದರೆ ಅದು 2.5ಕ್ಕೇ ಬರಬೇಕು.

ಮುಂದಿನ ಕೆಗ್‌ಗೆ ನಾನು ಹೇಳುವ ದಾರಿ ಇದೇ: ಹುದುಗುವಿಕೆ ಪೂರ್ತಿ ಮುಗಿದಿದೆ ಅಂತ ಹೈಡ್ರೋಮೀಟರ್‌ನಲ್ಲಿ ಖಾತ್ರಿ ಮಾಡಿಕೊಳ್ಳಿ, ಕೆಗ್‌ಗೆ ತುಂಬಿ, ತಣ್ಣಗೆ ಮಾಡಿ, 14ಕ್ಕೆ ಇಟ್ಟು ಹತ್ತು ಹದಿನಾಲ್ಕು ದಿನ ಮರೆತುಬಿಡಿ. ಅಲ್ಲಾಡಿಸುವುದು ಬೇಡ, ದಿನಾ ರುಚಿ ನೋಡುವುದೂ ಬೇಡ. ಹುದುಗಿ ಮುಗಿದ ಬಿಯರ್‌ನಲ್ಲಿ ಆಗಲೇ ಸ್ವಲ್ಪ ಗ್ಯಾಸ್ ಇರುತ್ತದೆ. 68 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹುದುಗಿದ್ದರೆ ಡೆನ್ವರ್‌ನಲ್ಲಿ 0.7ರಷ್ಟು. ಉಳಿದದ್ದನ್ನು ಸಿಲಿಂಡರ್ ಕೊಡುತ್ತದೆ. ಈ ವಿಧಾನದಲ್ಲಿ ಗ್ಯಾಸ್ ಜಾಸ್ತಿಯಾಗುವ ಮಾತೇ ಇಲ್ಲ, ಯಾಕೆಂದರೆ ಒತ್ತಡ ಎಲ್ಲಿದೆಯೋ ಅಲ್ಲಿಗೆ ಬಂದು ಅದು ತಾನಾಗಿ ನಿಲ್ಲುತ್ತದೆ. ಜೊತೆಗೆ ಈ ಎರಡು ವಾರ ತಣ್ಣಗೆ ನಿಂತ ಬಿಯರ್‌ನಲ್ಲಿ ಯೀಸ್ಟ್ ಕೆಳಗೆ ಕೂರುತ್ತದೆ, ರುಚಿ ಕೂಡುತ್ತದೆ. ಅವಸರದಲ್ಲಿ ಗ್ಯಾಸ್ ತುಂಬಿದ ಬಿಯರ್ ಮೊದಲ ದಿನ ನಾಲಗೆಗೆ ಒಂದು ಬಗೆಯ ಹುಳಿ ಚುರುಕು ಕೊಡುತ್ತದೆ. ಗೊತ್ತಿಲ್ಲದವರು ಪಾಕವೇ ಕೆಟ್ಟಿತು ಅಂದುಕೊಳ್ಳುತ್ತಾರೆ.

ಶನಿವಾರ ಮನೆಗೆ ಜನ ಬರುತ್ತಾರೆ, ಎರಡು ವಾರ ಎಲ್ಲಿಂದ ತರಲಿ ಅಂತೀರಾ? ಆಗ ಪೂರ್ತಿ ತಣ್ಣಗಾದ ಕೆಗ್‌ಗೆ 30 ಪಿಎಸ್‌ಐ ಕೊಟ್ಟು, ಅಲ್ಲಾಡಿಸದೆ, 24 ಗಂಟೆ ಬಿಡಿ. ಆಮೇಲೆ ಗ್ಯಾಸ್ ಬಿಡಿಸಿ, ಮೇಲಿನ ಒತ್ತಡ ರಿಲೀಫ್ ವಾಲ್ವ್‌ನಿಂದ ತೆಗೆದು, 14ಕ್ಕೆ ಇಟ್ಟು ಎರಡು ಮೂರು ದಿನ ಕಾಯಿರಿ. ಸೋಮವಾರ ರಾತ್ರಿ ಶುರು ಮಾಡಿದರೆ ಶನಿವಾರಕ್ಕೆ ಕುಡಿಯುವಂತಿರುತ್ತದೆ. 24 ಗಂಟೆಯನ್ನು 48 ಮಾಡಬೇಡಿ. ಅಲ್ಲಾಡಿಸಲೇಬೇಕು ಅಂತಿದ್ದರೆ 30ರಲ್ಲಿ ಅಲ್ಲಾಡಿಸಬೇಡಿ, 14ರಲ್ಲೇ ಅಲ್ಲಾಡಿಸಿ. ಬೇಗನೂ ಆಗುತ್ತದೆ, 2.5ರ ಮೇಲೆ ಹೋಗುವುದೂ ಇಲ್ಲ. ಇಷ್ಟು ಸುಲಭದ ಮಾತನ್ನು ಯಾಕೋ ಯಾರೂ ಹೇಳುವುದಿಲ್ಲ. ಬಾಟಲಿಗೆ ಹಾಕುವ ಹಾಗೆ ಕೆಗ್‌ಗೂ ಸಕ್ಕರೆ ಹಾಕಿ ಗ್ಯಾಸ್ ಹಿಡಿಸಬಹುದು. ಸಿಲಿಂಡರ್ ಕೈಯಲ್ಲಿರುವಾಗ ಅದರ ಗೊಡವೆ ನಿಮಗೆ ಬೇಡ.

ಈಗ ಪೈಪ್. ಕೆಗ್‌ನಲ್ಲಿ 14 ಪಿಎಸ್‌ಐ ಇದೆ, ಟ್ಯಾಪ್ ಬಾಯಲ್ಲಿ ಸೊನ್ನೆ. ಈ 14 ಎಲ್ಲಾದರೂ ಕರಗಬೇಕು. ಉದ್ದ ಪೈಪಿನಲ್ಲಿ ತಿಕ್ಕಾಟದಿಂದ ಅದು ಸ್ವಲ್ಪ ಸ್ವಲ್ಪವೇ ಕರಗುತ್ತದೆ, ಬಿಯರ್ ನಿಧಾನವಾಗಿ, ಗ್ಯಾಸ್ ಒಳಗೇ ಇಟ್ಟುಕೊಂಡು ಟ್ಯಾಪ್ ತಲುಪುತ್ತದೆ. ಮೂರು ಅಡಿಯ ಪೈಪ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಬಿಯರ್ ರಭಸದಿಂದ ನುಗ್ಗಿ, ಟ್ಯಾಪ್‌ನ ಒಳಗೆ ಒಮ್ಮೆಲೇ ಒತ್ತಡ ಕಳೆದುಕೊಂಡು, ಅಲ್ಲೇ ನೊರೆಯಾಗಿ ಒಡೆಯುತ್ತದೆ. ಅಂಗಡಿಯವರು ಕಿಟ್ ಜೊತೆ ಗಿಡ್ಡ ಪೈಪ್ ಯಾಕೆ ಕೊಡುತ್ತಾರೋ ನನಗೆ ಅರ್ಥವಾಗುವುದಿಲ್ಲ. ಅದರಿಂದಲೇ ಎಷ್ಟೋ ಜನ ಕೆಗ್ ಬಿಟ್ಟು ಮತ್ತೆ ಬಾಟಲಿಗೆ ಹೋಗಿದ್ದಾರೆ.

3/16 ಇಂಚು ಒಳಅಳತೆಯ ವಿನೈಲ್ ಪೈಪ್‌ಗೆ ಅಡಿಗೆ 2ರಿಂದ 3 ಪಿಎಸ್‌ಐ ಕರಗುತ್ತದೆ ಅಂತ ಲೆಕ್ಕ ಹಾಕುವವರಿದ್ದಾರೆ. ಆ ಪ್ರಕಾರ 5-7 ಅಡಿ ಸಾಕು. ಮನೆಯ ಟ್ಯಾಪ್‌ಗಳಲ್ಲಿ ಅಷ್ಟಕ್ಕೆ ಬಿಯರ್ ಇನ್ನೂ ಜೋರಾಗಿಯೇ ಬರುತ್ತದೆ. ನೀವು 12 ಅಡಿ ತನ್ನಿ. ಸುರುಳಿ ಸುತ್ತಿ ಫ್ರಿಜ್ ಒಳಗೇ ಕೆಗ್‌ನ ಮೇಲೆ ಇಡಿ, ಹೊರಗೆ ಬೆಚ್ಚಗೆ ಬಿಡಬೇಡಿ. ಬಿಯರ್ ತೀರಾ ನಿಧಾನ ಅನ್ನಿಸಿದರೆ ಅರ್ಧ ಅಡಿ ಕತ್ತರಿಸಿ, ಮತ್ತೆ ನೋಡಿ. ಉದ್ದ ಇದ್ದರೆ ಕತ್ತರಿಸಬಹುದು, ಗಿಡ್ಡ ಇದ್ದರೆ ಹೊಸದೇ ತರಬೇಕು. ಒಂದು ಪೈಂಟ್ (ಹತ್ತಿರ ಹತ್ತಿರ ಅರ್ಧ ಲೀಟರ್) ತುಂಬಲು ಎಂಟರಿಂದ ಹತ್ತು ಸೆಕೆಂಡ್ ಹಿಡಿದರೆ ಸರಿಯಾಗಿದೆ. ಟ್ಯಾಪ್ ಕೆಗ್‌ಗಿಂತ ಎತ್ತರದಲ್ಲಿದ್ದರೆ ಪ್ರತಿ ಅಡಿ ಎತ್ತರಕ್ಕೆ ಅರ್ಧ ಪಿಎಸ್‌ಐ ತಾನಾಗಿ ಕಳೆಯುತ್ತದೆ, ಅಷ್ಟರಮಟ್ಟಿಗೆ ಪೈಪ್ ಕಮ್ಮಿ ಸಾಕು. ಟ್ಯಾಪ್ ತೆರೆಯುವಾಗ ಒಂದೇ ಸಲ ಪೂರ್ತಿ ತೆರೆಯಿರಿ. ನೊರೆಗೆ ಹೆದರಿ ಅರ್ಧ ತೆರೆದರೆ ಆ ಸಣ್ಣ ಸಂದಿಯಲ್ಲೇ ಬಿಯರ್ ಒಡೆದು ನೊರೆ ಇಮ್ಮಡಿಯಾಗುತ್ತದೆ.

ಹೊಸ ಪೈಪ್ ಹಾಕಿದ ಮೇಲೆ ಒಂದು ಕೆಲಸ ಮಾಡಿ. ಬಿಯರ್ ಹಿಡಿದು ಅರ್ಧ ಗಂಟೆ ಬಿಟ್ಟು, ಫ್ರಿಜ್ ಬಾಗಿಲು ತೆರೆದು, ಟಾರ್ಚ್ ಹಾಕಿ ಪೈಪನ್ನೇ ನೋಡಿ. ಪಾರದರ್ಶಕ ಪೈಪ್ ಆಗಿದ್ದರೆ ಎಲ್ಲ ಕಾಣುತ್ತದೆ. ಪೈಪ್ ಕೆಗ್‌ನಿಂದ ಟ್ಯಾಪ್‌ವರೆಗೆ ಬಂಗಾರದ ಬಣ್ಣದಲ್ಲಿ ತುಂಬಿಕೊಂಡಿದ್ದರೆ ಎಲ್ಲ ಸರಿ ಇದೆ. ಸುರುಳಿಯ ಮೇಲ್ಭಾಗದಲ್ಲಿ ಅಲ್ಲಲ್ಲಿ ಖಾಲಿ ಜಾಗ ಕಂಡರೆ ಬಿಯರ್ ಪೈಪಿನಲ್ಲಿ ನಿಂತಲ್ಲೇ ಗ್ಯಾಸ್ ಬಿಟ್ಟಿದೆ. ಅಂದರೆ ಬಿಯರ್‌ನಲ್ಲಿರುವ ಗ್ಯಾಸ್‌ಗೆ ಒತ್ತಡ ಸಾಲುತ್ತಿಲ್ಲ, ಇಲ್ಲವೇ ಪೈಪ್ ಕೆಗ್‌ಗಿಂತ ಬೆಚ್ಚಗಿದೆ. ಟ್ಯಾಪ್ ಕಡೆಯ ತುದಿಯಲ್ಲಿ ಮಾತ್ರ ಖಾಲಿ ಇದ್ದರೆ ಟ್ಯಾಪ್ ಬೆಚ್ಚಗಿದೆ. ಮೊದಲ ಲೋಟ ಮಾತ್ರ ನೊರೆ ಬಂದು ಎರಡನೆಯದು ಸರಿಯಾಗಿ ಬರುವುದು ಈ ಕಾರಣಕ್ಕೆ. ಫ್ರಿಜ್ ಒಳಗೆ ಪುಟ್ಟ ಫ್ಯಾನ್ ಇಟ್ಟು ತಣ್ಣನೆ ಗಾಳಿ ಟ್ಯಾಪ್ ಕಡೆ ಹಾಯಿಸಿದರೆ ಅರ್ಧ ತೊಂದರೆ ಹೋಗುತ್ತದೆ.

ಬಿಯರ್ ಹಿಡಿಯುತ್ತಿರುವಾಗಲೇ ಕೆಗ್‌ನ ಬಾಯಿಂದ ಸಣ್ಣ ಗುಳ್ಳೆಗಳ ಸಾಲು ಒಂದೇ ಸಮನೆ ಬರುತ್ತಿದ್ದರೆ ಅದು ಬೇರೆ ಕಥೆ. ಬಿಯರ್ ಮೇಲೆ ಬರುವ ಉದ್ದ ಕೊಳವೆಯ ತಲೆಗೆ ಒಂದು ಪುಟ್ಟ ಓ-ರಿಂಗ್ (ರಬ್ಬರ್ ಉಂಗುರ) ಇರುತ್ತದೆ. ಅದು ಸವೆದಿದ್ದರೆ ಅಥವಾ ಹರಿದಿದ್ದರೆ ಕೆಗ್‌ನ ಮೇಲಿರುವ ಗ್ಯಾಸ್ ಅದೇ ಸಂದಿಯಿಂದ ನೇರವಾಗಿ ಬಿಯರ್ ಪೈಪ್‌ಗೆ ನುಸುಳುತ್ತದೆ. ಒತ್ತಡ ಎಷ್ಟೇ ಬದಲಿಸಿ, ಪೈಪ್ ಎಷ್ಟೇ ಉದ್ದ ಮಾಡಿ, ನೊರೆ ನಿಲ್ಲುವುದೇ ಇಲ್ಲ. ಕಾರ್ನಿ ಕೆಗ್‌ಗಳು ಮೂಲತಃ ತಂಪು ಪಾನೀಯದ ಕಂಪನಿಗಳಿಗೆಂದು ಮಾಡಿದವು, ನಮ್ಮ ಕೈಗೆ ಬರುವವು ಬಹಳಷ್ಟು ಸೆಕೆಂಡ್ ಹ್ಯಾಂಡ್. ಹಳೇ ಕೆಗ್ ತಂದರೆ ಇರುವ ಓ-ರಿಂಗ್‌ಗಳೆಲ್ಲ ಬದಲಾಯಿಸಿಬಿಡಿ, ಖರ್ಚು ಏನೂ ಅಲ್ಲ. ಆದರೆ ಕೆಗ್‌ನಲ್ಲಿ ಒತ್ತಡ ಇರುವಾಗ ಯಾವ ಭಾಗಕ್ಕೂ ಸ್ಪ್ಯಾನರ್ ಹಾಕಬೇಡಿ. ರಿಲೀಫ್ ವಾಲ್ವ್ ಎಳೆದು ಸದ್ದು ಪೂರ್ತಿ ನಿಂತ ಮೇಲೆಯೇ ಬಿಚ್ಚಿ. ಒತ್ತಡ ಇದ್ದಾಗ ಬಿಚ್ಚಿದ ಭಾಗ ಮುಖಕ್ಕೇ ಹಾರುತ್ತದೆ.

ಸೋರಿಕೆಯನ್ನೂ ನೋಡಿಕೊಳ್ಳಬೇಕು. ಗ್ಯಾಸ್ ಹಿಡಿಯುತ್ತಲೇ ಇಲ್ಲ ಅನ್ನುವವರಲ್ಲಿ ಎಷ್ಟೋ ಜನರ ಮುಚ್ಚಳ ಸರಿಯಾಗಿ ಕೂತಿರುವುದಿಲ್ಲ. ಕಾರ್ನಿ ಕೆಗ್‌ನ ಮುಚ್ಚಳವನ್ನು ಬಿಗಿಯಾಗಿ ಕೂರಿಸುವುದು ಒಳಗಿನ ಒತ್ತಡ. ತುಂಬಿದ ಕೂಡಲೇ 30 ಪಿಎಸ್‌ಐ ಒಂದು ಸಲ ಕೊಟ್ಟು, ಮುಚ್ಚಳ ಟಪ್ ಅಂತ ಕೂತ ಮೇಲೆ ಮೇಲಿನ ಗ್ಯಾಸ್ ಎರಡು ಮೂರು ಸಲ ಬಿಟ್ಟು ಗಾಳಿ ಹೊರಗೆ ಹಾಕಿ. ಆಮೇಲೆ 14ಕ್ಕೆ ಇಳಿಸಿ. ಈ ಕೆಲಸಕ್ಕೆ ಕೆಲವೇ ಸೆಕೆಂಡ್ ಬೇಕು, ಅಷ್ಟರಲ್ಲಿ ಬಿಯರ್‌ಗೆ ಗ್ಯಾಸ್ ಜಾಸ್ತಿಯಾಗುವುದಿಲ್ಲ. ಮುಚ್ಚಳದ ದೊಡ್ಡ ಓ-ರಿಂಗ್‌ಗೆ ತಿನ್ನುವ ಪಾತ್ರೆಗೆ ಬಳಸಬಹುದಾದ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ. ಮುಚ್ಚಳದ ಸುತ್ತ, ಪೈಪ್‌ಗಳನ್ನು ಸಿಕ್ಕಿಸುವ ಎರಡು ಪೋಸ್ಟ್‌ಗಳ ಮೇಲೆ, ಸಿಲಿಂಡರ್‌ಗೆ ರೆಗ್ಯುಲೇಟರ್ ಸೇರುವಲ್ಲಿ ಸೋಪಿನ ನೀರು ಹಾಕಿ ಒಂದು ನಿಮಿಷ ಕಣ್ಣಿಟ್ಟು ನೋಡಿ. ಸೋರುತ್ತಿದ್ದರೆ ಗುಳ್ಳೆ ಉಬ್ಬುತ್ತದೆ. ಸಿಲಿಂಡರ್ ಸೇರುವಲ್ಲಿ ವಾಷರ್ ಹಾಕುವುದನ್ನು ಮರೆಯುವವರು ಬಹಳ.

ಸಿಲಿಂಡರ್ ಕಡೆಯ ದೊಡ್ಡ ಗೇಜ್ ನೋಡಿ ಎಷ್ಟು ಗ್ಯಾಸ್ ಉಳಿದಿದೆ ಅಂತ ಹೇಳಲಾಗುವುದಿಲ್ಲ. ಒಳಗೆ ಇರುವುದು ದ್ರವ. ಅದು ಇರುವಷ್ಟು ದಿನ ಗೇಜ್ ಮುಳ್ಳು ಅಲ್ಲೇ ನಿಂತಿರುತ್ತದೆ, ದ್ರವ ಮುಗಿದ ಮೇಲೆ ದಬಕ್ಕನೆ ಬೀಳುತ್ತದೆ. ತಕ್ಕಡಿಯೇ ಸರಿಯಾದ ಗೇಜ್. 5 ಪೌಂಡಿನ ಸಿಲಿಂಡರ್ ತುಂಬಿದಾಗ ಅದರಲ್ಲಿ 2.27 ಕೆ.ಜಿ. ಗ್ಯಾಸ್ ಇರುತ್ತದೆ. ನಿಮ್ಮ ಒಂದು ಕೆಗ್ ಬಿಯರ್‌ಗೆ ಗ್ಯಾಸ್ ಹಿಡಿಸಲು ಬೇಕಾಗುವುದು 70 ಗ್ರಾಂ ಆಸುಪಾಸು, ಬಿಯರ್ ಹೊರಗೆ ತಳ್ಳಲು ಇನ್ನೂ ಹತ್ತಿರ ಹತ್ತಿರ ಅಷ್ಟೇ. ಎರಡು ಮೂರು ಕೆಗ್‌ಗೇ ಸಿಲಿಂಡರ್ ಖಾಲಿಯಾದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಲ್ಲಿಸಿ. ಮಲಗಿಸಿದರೆ ದ್ರವ ರೆಗ್ಯುಲೇಟರ್‌ಗೆ ನುಗ್ಗುತ್ತದೆ. ಕಾರಿನಲ್ಲಿ ತರುವಾಗ ಕಿಟಕಿ ತೆರೆದಿಡಿ. ಈ ಗ್ಯಾಸ್ ಗಾಳಿಗಿಂತ ಭಾರ, ಮುಚ್ಚಿದ ಜಾಗದಲ್ಲಿ ಕೆಳಗೆ ತುಂಬಿಕೊಂಡರೆ ಉಸಿರು ಕಟ್ಟಿಸುತ್ತದೆ, ವಾಸನೆಯೂ ಗೊತ್ತಾಗುವುದಿಲ್ಲ. ಗ್ಯಾರೇಜಿನ ಬಾಗಿಲು ತೆರೆದುಕೊಂಡೇ ಕೆಲಸ ಮಾಡಿ.

ಪೈಪ್ ಮತ್ತು ಟ್ಯಾಪ್ ಪ್ರತಿ ಕೆಗ್ ಮುಗಿದ ಮೇಲೆ ತೊಳೆಯಿರಿ. ಒಳಗೆ ಕಟ್ಟಿದ ಕೊಳೆಯ ಮೇಲೆ ಗುಳ್ಳೆ ಹುಟ್ಟುತ್ತದೆ. ಲೋಟದಲ್ಲಿ ಎಣ್ಣೆ ಜಿಡ್ಡು ಇದ್ದರೆ ನೊರೆ ಕ್ಷಣದಲ್ಲಿ ಸತ್ತುಹೋಗುತ್ತದೆ, ಅದನ್ನು ಗ್ಯಾಸ್ ಕಮ್ಮಿ ಅಂತ ತಿಳಿಯಬೇಡಿ.

ಮುಂದೆ ಗೋಧಿ ಬಿಯರ್ ಮಾಡುವ ಆಸೆ ಹುಟ್ಟಿದರೆ ಒಂದು ಎಚ್ಚರಿಕೆ. 3.5 ವಾಲ್ಯೂಮ್ ಬೇಕು ಅಂದರೆ ಡೆನ್ವರ್‌ನಲ್ಲಿ ಗೇಜ್ 24ಕ್ಕೆ ಇಡಬೇಕು, ಅದಕ್ಕೆ 20 ಅಡಿಯಷ್ಟು ಪೈಪ್ ಬೇಕು. ಪೇಲ್ ಏಲ್ ಜೊತೆ ಒಂದೇ ರೆಗ್ಯುಲೇಟರ್‌ನಲ್ಲಿ ಎರಡನ್ನೂ ನಡೆಸಲು ಆಗುವುದಿಲ್ಲ. ಗೋಧಿ ಬಿಯರ್ ಅನ್ನು ಬಾಟಲಿಗೇ ಹಾಕಿ ಅಂತ ನಾನು ಹೇಳುತ್ತೇನೆ. ದಪ್ಪ ಗಾಜಿನ ಬಾಟಲಿ ಇರಲಿ.

ಕರ್ನಾಟಕದಿಂದ ಇದನ್ನು ಓದುತ್ತಿರುವವರಿಗೆ ಒಂದು ಮಾತು. ಅಮೆರಿಕದಲ್ಲಿ 1978ರ ಕಾನೂನಿನ ನಂತರ ಮನೆ ಬಳಕೆಗೆ ವರ್ಷಕ್ಕೆ ಒಬ್ಬ ವಯಸ್ಕರಿಗೆ 100 ಗ್ಯಾಲನ್, ಇಬ್ಬರಿರುವ ಮನೆಗೆ 200 ಗ್ಯಾಲನ್ ಬಿಯರ್ ಮಾಡಲು ತೆರಿಗೆ ಇಲ್ಲದ ಅನುಮತಿ ಇದೆ, ಮಾರುವಂತಿಲ್ಲ. ನಮ್ಮಲ್ಲಿ 1965ರ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮಾಡುವ ಹಾಗಿಲ್ಲ. ಆದರೆ ಇದೇ ಕೆಗ್, ಇದೇ ಸಿಲಿಂಡರ್‌ನಲ್ಲಿ ಸೋಡಾ ಮಾಡಿಕೊಳ್ಳಬಹುದು. ತಣ್ಣೀರಿಗೆ 30 ಪಿಎಸ್‌ಐ ಕೊಟ್ಟು ಎಷ್ಟು ಬೇಕಾದರೂ ಅಲ್ಲಾಡಿಸಿ, ಸೋಡಾಕ್ಕೆ 4 ವಾಲ್ಯೂಮ್ ಜಾಸ್ತಿಯಲ್ಲ. ತುಂಬುವ ಗ್ಯಾಸ್ ಮಾತ್ರ ಪಾನೀಯಕ್ಕೆಂದೇ ಕೊಡುವ ದರ್ಜೆಯದ್ದು ಇರಲಿ.

ಕೊನೆಯದಾಗಿ, ರಾತ್ರಿ ಗ್ಯಾಸ್ ಬಂದ್ ಮಾಡಬೇಕಾ ಅಂತ ಕೇಳಿದ್ದೀರಿ. ಬೇಡ. ಬಂದ್ ಮಾಡಿದ ಕೆಗ್‌ನಿಂದ ಎರಡು ಲೋಟ ಹಿಡಿದರೆ ಒತ್ತಡ ಇಳಿಯುತ್ತದೆ, ಬಿಯರ್ ಮತ್ತೆ ಗ್ಯಾಸ್ ಬಿಟ್ಟುಕೊಡುತ್ತದೆ, ನೀವು ಮತ್ತೆ ಅದೇ ನೊರೆಯ ಜೊತೆ ಗುದ್ದಾಡಬೇಕು. 14ರಲ್ಲಿ, ಗ್ಯಾಸ್ ಸೇರಿಸಿದ ಹಾಗೇ, ಕೆಗ್ ಖಾಲಿಯಾಗುವವರೆಗೆ ಬಿಡಿ. ಸಿಲಿಂಡರ್ ಸೋರಿ ಖಾಲಿಯಾದೀತು ಅನ್ನುವ ಭಯ ಇದ್ದರೆ ಒಂದು ಸಂಜೆ ಸಿಲಿಂಡರ್ ವಾಲ್ವ್ ಮುಚ್ಚಿ, ಎರಡು ಗೇಜ್‌ನ ಮುಳ್ಳು ಎಲ್ಲಿದೆ ಅಂತ ಗುರುತು ಹಾಕಿ, ಬಿಯರ್ ಹಿಡಿಯದೆ ಬೆಳಿಗ್ಗೆವರೆಗೆ ಬಿಡಿ. ಗ್ಯಾಸ್ ಹಿಡಿದು ಮುಗಿದ ಕೆಗ್ ಆಗಿದ್ದು, ಮುಳ್ಳುಗಳು ಅಲ್ಲೇ ಇದ್ದರೆ ವಾಲ್ವ್ ತೆರೆದು ಫ್ರಿಜ್ ಬಾಗಿಲು ಹಾಕಿ. ಇಳಿದಿದ್ದರೆ ಸೋಪಿನ ನೀರು ತೆಗೆದುಕೊಂಡು ಮುಚ್ಚಳದಿಂದ ಶುರು ಮಾಡಿ.